ಕಾಳಿಯ ಕಲ್ಲು: ಕನ್ನಡ ನಾಡಿನಲ್ಲಿ ನಾಯಿಯ ನೆನಪು

ಸತ್ತ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿಗೆ ಪೂಜೆ ಗೊತ್ತುಮಾಡಿ, ಅದರ ಖರ್ಚಿಗೆ ಗದ್ದೆ ಬಿಟ್ಟುಕೊಟ್ಟ ದಾಖಲೆಯೊಂದು ಕನ್ನಡದಲ್ಲಿದೆ. ಅದು ಆತಕೂರು ಶಾಸನ. ಆತಕೂರು ಇಂದಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರು. ಶಾಸನ ಹೇಳುವ ಕಾಲ ಶಕ ವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ನಾಯಿಯ ಹೆಸರು ಕಾಳಿ. ಅದನ್ನು ಸಾಕಿದ್ದವನು ಗಂಗ ದೊರೆ ಇಮ್ಮಡಿ ಬೂತುಗ. ಬೂತುಗನಿಂದ ಅದನ್ನು ಬೇಡಿ ಪಡೆದವನು ಅವನ ಸೇನಾನಿ ಮಣಲೆರ. ಕಾಳಿ ಸತ್ತದ್ದು ಕಾಡುಹಂದಿಯೊಂದಿಗೆ ಹೋರಾಡಿ.

ಆ ಕಾಲದ ದೊಡ್ಡ ಯುದ್ಧವೊಂದರ ವಿವರ ಈ ಕಲ್ಲಿನಲ್ಲಿ ಇರುವುದರಿಂದ ರಾಷ್ಟ್ರಕೂಟ, ಗಂಗ, ಚೋಳರ ಇತಿಹಾಸ ಬರೆಯುವವರೆಲ್ಲ ಇದನ್ನು ಬಳಸಿಕೊಂಡಿದ್ದಾರೆ. ಆದರೆ ಕಲ್ಲನ್ನು ನೆಟ್ಟದ್ದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ. ಅಕ್ಕರೆಯ ನಾಯಿ ಸತ್ತಾಗ ಅದನ್ನು ನೆನೆಯುವ ಬಗೆ ಈ ನಾಡಿನಲ್ಲಿ ಹೇಗಿತ್ತು, ಅದು ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು ಈ ಕಲ್ಲಿನಿಂದಲೇ ಹೊರಡಬೇಕು.

ವೀರಗಲ್ಲಿನ ಪದ್ಧತಿ

ಹೋರಾಡಿ ಮಡಿದವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ಕರ್ನಾಟಕದಲ್ಲಿ ಇಂಥ ಕಲ್ಲುಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿವೆ. ಕೆರೆಯ ಏರಿ, ದೇವಸ್ಥಾನದ ಅಂಗಳ, ಹೊಲದ ಬದು, ಊರ ಬಾಗಿಲು ಹೀಗೆ ಅವು ಇಲ್ಲದ ಜಾಗವಿಲ್ಲ. ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಸತ್ತವರಿಗೆ ನಿಲ್ಲಿಸಿದ್ದು ತುರುಗೊಳ್ ಕಲ್ಲು. ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿದವರದ್ದು ಪೆಣ್ಬುಯ್ಯಲ್ ಕಲ್ಲು. ಊರಿನ ಮೇಲೆ ದಾಳಿಯಾದಾಗ ಎದುರು ನಿಂತವರದ್ದು ಊರಳಿವಿನ ಕಲ್ಲು. ಗಂಡನೊಂದಿಗೆ ಚಿತೆಯೇರಿದವರಿಗೆ ಮಾಸ್ತಿಕಲ್ಲು, ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನರಿಗೆ ನಿಸಿದಿಗಲ್ಲು. ಹುಲಿ, ಹಂದಿಗಳೊಡನೆ ಕಾದಾಡಿ ಸತ್ತ ಬೇಟೆಗಾರರಿಗೂ ಕಲ್ಲುಗಳಿವೆ. ಅಂಥ ಬೇಟೆಯ ಕಲ್ಲುಗಳಲ್ಲಿ ಬೇಟೆಗಾರನ ಪಕ್ಕದಲ್ಲಿ, ಹಂದಿಯ ಮೈಮೇಲೆ ಹಾರುತ್ತಲೋ ಅದರ ಕಾಲನ್ನು ಕಚ್ಚುತ್ತಲೋ ಇರುವ ನಾಯಿಗಳನ್ನು ಕಾಣಬಹುದು.

ಪೂರ್ಣ ಬೆಳೆದ ರೂಪದ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಅವನು ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ತುದಿಯಲ್ಲಿ ಸೂರ್ಯ ಚಂದ್ರರು. ಅವರಿರುವಷ್ಟು ಕಾಲ ಈ ಕೀರ್ತಿ ಇರಲಿ ಎಂಬುದು ಅದರ ಆಶಯ. ಸತ್ತವನ ಮನೆಯವರಿಗೆ ದೊರೆಯೋ ಊರವರೋ ಭೂಮಿ ಕೊಡುವುದೂ ಇತ್ತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಪದ್ಧತಿಯನ್ನು ವಿವರವಾಗಿ ಪರಿಶೀಲಿಸಿದ ಗ್ರಂಥಗಳು.

ಈ ಪದ್ಧತಿಯ ತಿರುಳು ಒಡೆಯನಿಗಾಗಿ, ಊರಿಗಾಗಿ ಹಿಂಜರಿಯದೆ ಪ್ರಾಣ ಕೊಟ್ಟದ್ದನ್ನು ಎಲ್ಲರೂ ಕಾಣುವಂತೆ ಒಪ್ಪಿಕೊಳ್ಳುವುದು. ಉಂಡ ಅನ್ನದ ಋಣ ತೀರಿಸುವುದನ್ನು ಹಳೆಯ ಕನ್ನಡಿಗರು ಜೋಳವಾಳಿ ಎಂದರು. ಒಡೆಯನ ಸಾವಿನೊಂದಿಗೆ ತನ್ನ ಪ್ರಾಣವನ್ನೂ ಬಿಡುವ ಪ್ರತಿಜ್ಞೆ ವೇಳೆವಾಳಿ. ಈ ಮೌಲ್ಯಗಳನ್ನು ಮನುಷ್ಯರಲ್ಲಿ ಮೆಚ್ಚಿದ ಸಮಾಜ ಅವನ್ನು ನಾಯಿಯಲ್ಲೂ ಗುರುತಿಸಿತು. ಆದ್ದರಿಂದ ಆತಕೂರಿನ ಕಲ್ಲು ಆ ಕಾಲದ ಪದ್ಧತಿಗೆ ಹೊರಗಿನದಲ್ಲ, ಅದರ ಒಳಗಿನದೇ.

ತಕ್ಕೋಲದ ಕಾಳಗ

ಕಾಳಿಯ ಕಥೆ ಒಂದು ಯುದ್ಧದ ಬೆನ್ನಿಗೆ ಬರುತ್ತದೆ. ಹತ್ತನೇ ಶತಮಾನದ ನಡುಭಾಗದಲ್ಲಿ ಕನ್ನಡ ನಾಡಿನ ಬಹುಭಾಗ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿತ್ತು. ಶಾಸನಗಳು ಅವನನ್ನು ಕನ್ನರದೇವ ಎಂದು ಕರೆಯುತ್ತವೆ. ದಕ್ಷಿಣದ ಗಂಗವಾಡಿಯನ್ನು ಆಳುತ್ತಿದ್ದ ಇಮ್ಮಡಿ ಬೂತುಗ ಅವನ ಸಾಮಂತ, ಜೊತೆಗೆ ಸೋದರಿ ರೇವಕನಿಮ್ಮಡಿಯನ್ನು ಮದುವೆಯಾದ ಭಾವಮೈದುನ. ಅಂದಿನ ಗಂಗ ದೊರೆ ರಾಚಮಲ್ಲನನ್ನು ಕೊಂದು ಬೂತುಗ ಸಿಂಹಾಸನವೇರಿದಾಗ ಅವನಿಗೆ ಬೆಂಬಲವಾಗಿ ನಿಂತವನು ಕೃಷ್ಣನೇ.

ತಮಿಳು ನಾಡಿನಲ್ಲಿ ಆಗ ಚೋಳ ದೊರೆ ಮೊದಲನೆಯ ಪರಾಂತಕನ ಬಲ ಬೆಳೆದಿತ್ತು. 949ರ ಸುಮಾರಿಗೆ ಇಂದಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ಎರಡು ಸೈನ್ಯಗಳೂ ಎದುರಾದವು. ಚೋಳರ ಪಡೆಯನ್ನು ನಡೆಸಿದವನು ಪರಾಂತಕನ ಮಗ ರಾಜಾದಿತ್ಯ. ಅವನು ಆನೆಯ ಮೇಲೆ ಇದ್ದಂತೆಯೇ ಸತ್ತನು. ಚೋಳರ ದಾಖಲೆಗಳು ಅವನನ್ನು ಆನೆಯ ಮೇಲೆ ಮಡಿದ ದೇವ ಎಂದೇ ನೆನೆಯುತ್ತವೆ. ಅವನನ್ನು ಕೊಂದವನು ಬೂತುಗ ಎನ್ನುತ್ತದೆ ಆತಕೂರು ಶಾಸನ. ಆ ಸಾಹಸಕ್ಕೆ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನೆಂದೂ ಅದರಲ್ಲಿದೆ. ನಾಡಿನ ಹೆಸರಿನೊಂದಿಗೆ ಬರುವ ಈ ಸಂಖ್ಯೆಗಳು ಆಡಳಿತ ವಿಭಾಗವನ್ನು ಗುರುತಿಸಲು ಆ ಕಾಲದಲ್ಲಿ ಬಳಕೆಯಲ್ಲಿದ್ದ ಕ್ರಮ.

ಮಣಲೆರನ ಬೇಡಿಕೆ

ಬೂತುಗನ ಪರವಾಗಿ ತಕ್ಕೋಲದಲ್ಲಿ ಮುಂದೆ ನಿಂತು ಹೋರಾಡಿದವರಲ್ಲಿ ಮಣಲೆರ ಒಬ್ಬ. ಸಗರ ವಂಶದವನು, ವಳಭಿಯ ಒಡೆಯ ಎಂಬ ಬಿರುದು ಹೊತ್ತವನು ಎಂದು ಶಾಸನ ಅವನನ್ನು ಪರಿಚಯಿಸುತ್ತದೆ. ಚೋಳ ಸೇನೆಯ ಎದುರು ಅವನು ತೋರಿದ ಪರಾಕ್ರಮವನ್ನು ಪದ್ಯಗಳಲ್ಲಿ ಹೊಗಳುತ್ತದೆ. ಅವನ ಹೋರಾಟ ಕಂಡು ಸಂತೋಷಗೊಂಡ ಬೂತುಗ, ಮೆಚ್ಚಿದ್ದೇನೆ, ಬೇಕಾದುದನ್ನು ಕೇಳಿಕೋ ಎಂದನು. ಮಣಲೆರ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ದೊರೆ ಕೊಟ್ಟನು.

ಚಕ್ರವರ್ತಿಯು ಸಾಮಂತನಿಗೆ ನಾಡುಗಳನ್ನೇ ಹಂಚಿದ ಸಂದರ್ಭ ಅದು. ಅಂಥ ಹೊತ್ತಿನಲ್ಲಿ ಸೇನಾನಿಯೊಬ್ಬ ನಾಯಿಯನ್ನು ಕೇಳಿದ್ದು ಶಾಸನ ಬರೆದವನಿಗೆ ವಿಚಿತ್ರವಾಗಿ ಕಂಡಿಲ್ಲ. ಅರಮನೆಯ ಬೇಟೆನಾಯಿ ಬೆಲೆಯುಳ್ಳ ಪ್ರಾಣಿ. ಒಳ್ಳೆಯ ತಳಿಯ ಮರಿಯನ್ನು ಆರಿಸಿ, ವರ್ಷಗಟ್ಟಲೆ ಪಳಗಿಸಿ, ಬೇಟೆಯ ಮೈದಾನದಲ್ಲಿ ಪರೀಕ್ಷಿಸಿದ ಮೇಲೆ ಅದು ದೊರೆಯ ಜೊತೆ ಹೊರಡುತ್ತಿತ್ತು. ದೊರೆಯ ಕೈಯಿಂದಲೇ ಅನ್ನ ತಿಂದ ನಾಯಿಯನ್ನು ಪಡೆಯುವುದೆಂದರೆ ದೊರೆಯ ಆಪ್ತ ಬಳಗಕ್ಕೆ ಸೇರಿದಂತೆ. ಭೂಮಿಯನ್ನು ಅನೇಕರಿಗೆ ಕೊಡಬಹುದು, ಕಾಳಿ ಇದ್ದದ್ದು ಒಂದೇ. ಬೂತುಗ ಮಣಲೆರನಿಗೆ ಭೂಮಿಯನ್ನೂ ಕೊಡದೆ ಇರಲಿಲ್ಲ. ಆತಕೂರು 12 ಎಂಬ ಹನ್ನೆರಡು ಹಳ್ಳಿಗಳ ಗುಂಪನ್ನೂ ಬೆಳ್ವೊಲ ನಾಡಿನ ಒಂದು ಊರನ್ನೂ ಕೊಟ್ಟ ಸಂಗತಿ ಅದೇ ಕಲ್ಲಿನ ಮೇಲಿದೆ. ಆದರೆ ಏನು ಬೇಕೆಂದು ಕೇಳಿದಾಗ ಮಣಲೆರನ ಬಾಯಿಂದ ಬಂದದ್ದು ಮಾತ್ರ ನಾಯಿಯ ಹೆಸರು.

ಬೆಳತೂರಿನ ಮೊರಡಿಯಲ್ಲಿ

ಮುಂದಿನದನ್ನು ಶಾಸನ ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಕೇಳಲೆ ನಾಡಿನ ಬೆಳತೂರಿನ ಪಶ್ಚಿಮ ದಿಕ್ಕಿನಲ್ಲಿರುವ ಮೊರಡಿಯಲ್ಲಿ, ಅಂದರೆ ಕಲ್ಲುಗುಡ್ಡದಲ್ಲಿ, ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಹೊಗಳಿಕೆ ಇಲ್ಲ, ಗೋಳು ಇಲ್ಲ. ಮಣಲೆರನ ಶೌರ್ಯಕ್ಕೆ ಪದ್ಯ ಬೇಕಾಯಿತು, ಕಾಳಿಯ ಸಾವಿಗೆ ಒಂದು ಗದ್ಯವಾಕ್ಯ ಸಾಕಾಯಿತು. ಆದರೆ ಆ ವಾಕ್ಯದಲ್ಲಿ ನಾಡು, ಊರು, ದಿಕ್ಕು, ಗುಡ್ಡ ಎಲ್ಲವೂ ಇವೆ. ಯುದ್ಧದಲ್ಲಿ ಮಡಿದ ಅನೇಕ ವೀರರ ಕಲ್ಲುಗಳಲ್ಲಿ ಸತ್ತ ಜಾಗದ ಗುರುತು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಕಾಡುಹಂದಿಯ ಬೇಟೆ ನಾಯಿಗಳಿಗೆ ಅತ್ಯಂತ ಅಪಾಯದ ಕೆಲಸ. ಜಿಂಕೆ, ಮೊಲಗಳು ಓಡಿ ತಪ್ಪಿಸಿಕೊಳ್ಳಲು ನೋಡುತ್ತವೆ. ಒಂಟಿ ಸಲಗ ಹಂದಿ ಸ್ವಲ್ಪ ದೂರ ಓಡಿ, ಬಂಡೆಗೋ ಪೊದೆಗೋ ಬೆನ್ನು ಕೊಟ್ಟು ತಿರುಗಿ ನಿಲ್ಲುತ್ತದೆ. ಅದರ ಕೆಳದವಡೆಯ ಕೋರೆಹಲ್ಲುಗಳು ಮೇಲಿನ ಕೋರೆಗಳಿಗೆ ಉಜ್ಜಿ ಉಜ್ಜಿ ಸದಾ ಹರಿತವಾಗಿರುತ್ತವೆ. ತಲೆ ತಗ್ಗಿಸಿ ನುಗ್ಗಿ ಮೇಲಕ್ಕೆ ಸೀಳಿದರೆ ನಾಯಿಯ ಎದೆ, ಹೊಟ್ಟೆ, ತೊಡೆ ಒಂದೇ ಏಟಿಗೆ ಹರಿಯುತ್ತವೆ. ಕುತ್ತಿಗೆ ಮತ್ತು ಹೆಗಲಿನ ಮೇಲಿನ ದಪ್ಪ ಚರ್ಮ ಕಡಿತವನ್ನು ತಡೆಯುವುದರಿಂದ ನಾಯಿ ಕಿವಿಯನ್ನೋ ಗಂಟಲನ್ನೋ ಹಿಡಿಯಬೇಕು. ಹಿಡಿದ ಮೇಲೆ ಬಿಡುವಂತಿಲ್ಲ. ಬಿಟ್ಟರೆ ಕೋರೆಯ ಬಾಯಿಗೆ ಸಿಕ್ಕಿತೆಂದೇ ಲೆಕ್ಕ. ನಾಯಿಗಳು ಹಿಡಿದಿಟ್ಟಿರುವಾಗ ಬೇಟೆಗಾರ ಈಟಿಯಿಂದ ಇರಿಯುವುದು ರೂಢಿಯ ಕ್ರಮ. ಆತಕೂರು ಶಾಸನದಲ್ಲಿ ಈಟಿಯ ಮಾತಿಲ್ಲ, ಹಂದಿಯ ಎದುರು ಹೆಸರಿಸಲ್ಪಟ್ಟಿರುವುದು ಕಾಳಿ ಮಾತ್ರ. ಎದುರಾಳಿಯನ್ನು ಕೊಂದೇ ಪ್ರಾಣಬಿಟ್ಟ ಯೋಧನಿಗೆ ಸಲ್ಲುವ ಮರ್ಯಾದೆ ಅದಕ್ಕೆ ಸಂದದ್ದು ಹಾಗಾಗಿ.

ಕಲ್ಲು, ಗದ್ದೆ, ಪೂಜೆ

ಸಾವು ಸಂಭವಿಸಿದ್ದು ಬೆಳತೂರಿನಲ್ಲಿ, ಕಲ್ಲು ನಿಂತದ್ದು ಆತಕೂರಿನಲ್ಲಿ. ಮಣಲೆರನಿಗೆ ಕೊಡುಗೆಯಾಗಿ ಬಂದ ಹಳ್ಳಿಗಳ ಮುಖ್ಯ ಊರು ಅದು. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿದರು. ಊರವರು ದಿನವೂ ಬಂದು ಹೋಗುವ ಶಿವಾಲಯದ ಎದುರೇ ನಾಯಿಯ ಕಲ್ಲಿಗೆ ಜಾಗ ಸಿಕ್ಕಿತು.

ಕಲ್ಲಿನ ಪೂಜೆಗೆ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣು ಕೊಟ್ಟರು. ಅಳತೆ ಬಿತ್ತನೆಯ ಲೆಕ್ಕದ್ದು. ಎರಡು ಕಂಡುಗ ಬೀಜ ಹಿಡಿಯುವಷ್ಟು ನೆಲ ಎಂದರ್ಥ. ಒಂದು ಕಂಡುಗಕ್ಕೆ ಇಪ್ಪತ್ತು ಕೊಳಗ. ಇದು ಸಣ್ಣ ತುಂಡು ಭೂಮಿಯಲ್ಲ. ಅದೂ ಕೆರೆಯ ಕೆಳಗಿನ ನೀರಾವರಿ ನೆಲ. ಮಳೆ ಒಂದು ವರ್ಷ ಹಿಂದುಮುಂದಾದರೂ ಕೆರೆಯಲ್ಲಿ ನೀರಿರುವವರೆಗೆ ಫಸಲು ಕೈತಪ್ಪುವುದಿಲ್ಲ. ಮಾನ್ಯ ಬಿಡುವವರು ಕೆರೆಯ ಕೆಳಗಿನ ನೆಲವನ್ನು ಆರಿಸುತ್ತಿದ್ದುದು ಪೂಜೆಯೋ ಅನ್ನದಾನವೋ ನಡುವೆ ನಿಲ್ಲಬಾರದೆಂಬ ಎಚ್ಚರದಿಂದ. ಕಾಳಿಯ ವಿಷಯದಲ್ಲೂ ಅದೇ ಎಚ್ಚರವಿದೆ.

ಕೊನೆಯಲ್ಲಿ ಶಾಪಾಶಯದ ಭಾಗ ಬರುತ್ತದೆ. ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲಿ ಎನ್ನುವುದು ಕನ್ನಡ ಶಾಸನಗಳ ಸಾಮಾನ್ಯ ಕ್ರಮ. ಆತಕೂರಿನ ಶಾಸನ ಆ ಜಾಡು ಹಿಡಿಯುವುದಿಲ್ಲ. ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಆ ನೆಲವನ್ನು ಅಳಿದರೆ ಆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎನ್ನುತ್ತದೆ. ದೇವಾಲಯದ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಅಲ್ಲಿನ ಶೈವ ಸನ್ಯಾಸಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಹೀಗೆ ಉಳುವವನಿಂದ ನಾಡಿನ ಒಡೆಯನವರೆಗೆ ಎಲ್ಲರೂ ಒಂದು ನಾಯಿಯ ನೆನಪಿಗೆ ಹೊಣೆಗಾರರಾದರು. ಗೊರವನ ಊಟಕ್ಕೆ ಹಾಕಿದ ಷರತ್ತಂತೂ ನೆನಪನ್ನು ವರ್ಷಕ್ಕೊಮ್ಮೆಯ ಹಬ್ಬಕ್ಕೆ ಬಿಡದೆ ದಿನದ ತುತ್ತಿಗೇ ಕಟ್ಟಿಹಾಕಿತು.

ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾದಾಟದ ಶಿಲ್ಪವಿದೆ. ಬಹಳಷ್ಟು ವೀರಗಲ್ಲುಗಳಲ್ಲಿ ನಾಯಿ ಬದಿಗೆ ಬರುವ ಪಾತ್ರ, ನಡುವಿನ ಜಾಗ ಮನುಷ್ಯನದು. ಇಲ್ಲಿ ಮನುಷ್ಯನಿಗೆ ಚಿತ್ರದಲ್ಲಿ ಪ್ರಾಧಾನ್ಯವಿಲ್ಲ. ದೊರೆ, ಸೇನಾನಿ, ಚಕ್ರವರ್ತಿ ಎಲ್ಲರೂ ಅಕ್ಷರಗಳಲ್ಲಿ ಇದ್ದಾರೆ. ಶಿಲ್ಪಿಯ ಉಳಿ ರೂಪ ಕೊಟ್ಟಿರುವುದು ಎರಡು ಪ್ರಾಣಿಗಳಿಗೆ.

ಎಡತ್ತನೂರಿನ ಕೋವಿವನ್

ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದ್ದು ಆತಕೂರಿನವರು ಮಾತ್ರವಲ್ಲ. ಅದಕ್ಕೆ ಮುನ್ನೂರು ವರ್ಷಗಳಿಗಿಂತ ಹಿಂದೆ, ಏಳನೇ ಶತಮಾನದ ಆರಂಭದಲ್ಲಿ, ಪಲ್ಲವ ದೊರೆ ಮೊದಲನೆಯ ಮಹೇಂದ್ರವರ್ಮನ ಕಾಲಕ್ಕೆ ಸೇರಿದ ನಡುಗಲ್ಲೊಂದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನಲ್ಲಿದೆ. ಕರುಂದೇವಕ್ಕತ್ತಿ ಎಂಬವನು ದನಗಳ ಕಾಳಗದಲ್ಲಿ ಸತ್ತನು. ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತು. ಕಲ್ಲಿನಲ್ಲಿ ವೀರನ ಜೊತೆಗೆ ನಾಯಿಯ ಶಿಲ್ಪವೂ ಇದೆ, ಬರಹದಲ್ಲಿ ಅದರ ಹೆಸರೂ ಇದೆ.

ಎರಡನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೋವಿವನ್‌ನ ಕೀರ್ತಿ ಒಡೆಯನ ಕಲ್ಲಿನಲ್ಲಿ ಪಾಲು ಪಡೆದದ್ದು. ಕಾಳಿಯದು ಅದಕ್ಕಾಗಿಯೇ ನಿಲ್ಲಿಸಿದ ಕಲ್ಲು, ಬದುಕಿ ಉಳಿದ ಒಡೆಯ ಸತ್ತ ನಾಯಿಗೆ ಸಲ್ಲಿಸಿದ ಮರ್ಯಾದೆ. ಕೋವಿವನ್ ಹಳ್ಳಿಯ ಕಾವಲುನಾಯಿ, ಕಾಳಿ ಅರಮನೆಯ ಬೇಟೆನಾಯಿ. ಆದರೂ ಎರಡು ಕಡೆಯೂ ನಾಯಿಗೆ ಹೆಸರಿದೆ, ಅದು ಮಾಡಿದ ಕೆಲಸದ ವಿವರವಿದೆ.

ಶಾಸ್ತ್ರದ ನಾಯಿ, ಜನರ ನಾಯಿ

ಶಾಸ್ತ್ರಗ್ರಂಥಗಳಲ್ಲಿ ನಾಯಿಯ ಸ್ಥಾನ ಮೇಲಿನದಲ್ಲ. ಯಜ್ಞದ ಹವಿಸ್ಸನ್ನು, ಶ್ರಾದ್ಧದ ಅನ್ನವನ್ನು ನಾಯಿ ಮುಟ್ಟಬಾರದು. ಅದೇ ಪರಂಪರೆಯಲ್ಲಿ ಇದಕ್ಕೆ ಎದುರು ನಿಲ್ಲುವ ಕಥೆಯೂ ಇದೆ. ಮಹಾಭಾರತದ ಕೊನೆಯಲ್ಲಿ ಹಿಮಾಲಯ ಏರುವಾಗ ತಮ್ಮಂದಿರು, ದ್ರೌಪದಿ ಎಲ್ಲರೂ ದಾರಿಯಲ್ಲಿ ಬಿದ್ದರೂ ಧರ್ಮರಾಯನ ಬೆನ್ನಿಗೆ ಒಂದು ನಾಯಿ ಬರುತ್ತದೆ. ನಾಯಿಯನ್ನು ಬಿಟ್ಟು ರಥವೇರು ಎಂದು ಇಂದ್ರ ಹೇಳಿದಾಗ, ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗ ಬೇಡ ಎಂದು ಧರ್ಮರಾಯ ನಿಲ್ಲುತ್ತಾನೆ. ನಾಯಿಯ ರೂಪದಲ್ಲಿದ್ದವನು ಧರ್ಮದೇವತೆಯೇ. ಕುಮಾರವ್ಯಾಸ ಬರೆದದ್ದು ಹತ್ತು ಪರ್ವಗಳು, ಈ ಭಾಗ ಅವನ ಕಾವ್ಯದಲ್ಲಿಲ್ಲ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಆಶ್ರಯದ ತಿಮ್ಮಣ್ಣ ಕವಿ.

ಜನಪದ ಧರ್ಮದಲ್ಲಿ ನಾಯಿ ದೇವರಿಗೆ ಹತ್ತಿರದ್ದು. ಭೈರವನ ವಾಹನ ನಾಯಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಮತ್ತು ಮೈಲಾರಲಿಂಗನ ಇತರ ಕ್ಷೇತ್ರಗಳಲ್ಲಿ ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ನಾಯಿಯಂತೆ ಬೊಗಳುತ್ತ, ದೋಣಿಯೆಂಬ ಮರದ ಬಟ್ಟಲಿನಲ್ಲಿ ಹಾಕಿದ ಹಾಲು ಬಾಳೆಹಣ್ಣಿನ ನೈವೇದ್ಯವನ್ನು ಬಾಯಿಂದಲೇ ತಿನ್ನುವ ಸೇವೆ ಸಲ್ಲಿಸುತ್ತಾರೆ. ಒಡೆಯನಿಗೆ ನಾಯಿ ತೋರುವ ನಿಷ್ಠೆಯನ್ನೇ ಭಕ್ತಿಯ ಮಾದರಿಯಾಗಿ ಕಂಡ ಆಚರಣೆ ಇದು. ನಾಯಿಯ ಕಲ್ಲಿಗೆ ಶಿವಾಲಯದ ಮುಂದೆ ಪೂಜೆ ನಡೆಯಲು ಅಡ್ಡಿಯಾಗದೆ ಇದ್ದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಆತಕೂರಿನಿಂದ ಬೆಂಗಳೂರಿಗೆ

ಕಾಳಿಯ ಕಲ್ಲು ವಿದ್ವಾಂಸರ ಗಮನಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸುತ್ತಿದ್ದ ಬಿ.ಎಲ್. ರೈಸ್ ಊರೂರು ಸುತ್ತಿ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಪ್ರಕಟಿಸಿದರು. ಮಂಡ್ಯ ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, 1939ರವರೆಗೂ ಅದು ಮೈಸೂರು ಜಿಲ್ಲೆಯ ಭಾಗ. ಆತಕೂರು ಶಾಸನ ಸೇರಿದ್ದು ಆ ಜಿಲ್ಲೆಯ ಸಂಪುಟಕ್ಕೆ. ಜೆ.ಎಫ್. ಫ್ಲೀಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಚರ್ಚಿಸಿದರು. ತಕ್ಕೋಲದ ಯುದ್ಧ, ಬೂತುಗನಿಗೆ ಸಿಕ್ಕ ನಾಡುಗಳು, ಗಂಗರ ಸಿಂಹಾಸನದ ಜಗಳ ಇವೆಲ್ಲಕ್ಕೂ ಇದು ಮುಖ್ಯ ಆಧಾರವಾಯಿತು. ಮೂಲದಲ್ಲಿ ನಾಯಿಯ ಕಲ್ಲಾಗಿದ್ದದ್ದು ಹೀಗೆ ಸಾಮ್ರಾಜ್ಯಗಳ ಚರಿತ್ರೆಗೆ ಸಾಕ್ಷಿಯಾಯಿತು.

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1865ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಗಂಗರ ಕಾಲದ ಇನ್ನೆರಡು ಹೆಸರಾಂತ ಸ್ಮಾರಕಗಳಿವೆ. ಮರಣಶಯ್ಯೆಯಲ್ಲಿರುವ ದೊರೆ ನೀತಿಮಾರ್ಗನನ್ನು ತೋರಿಸುವ ದೊಡ್ಡಹುಂಡಿಯ ನಿಸಿದಿಗಲ್ಲು ಒಂದು, ನಾಗತ್ತರನ ಯುದ್ಧವನ್ನು ಕೆತ್ತಿರುವ ಬೇಗೂರಿನ ವೀರಗಲ್ಲು ಇನ್ನೊಂದು. ದೊರೆ, ಯೋಧ, ನಾಯಿ ಮೂವರ ಸಾವಿನ ನೆನಪೂ ಒಂದೇ ಸೂರಿನಡಿ ಇದೆ. ಕಲ್ಲು ಕಾಪಾಡಲ್ಪಟ್ಟಿದೆ, ಬರಹ ಓದಬಹುದಾಗಿದೆ. ಆದರೆ ಊರು, ಕೆರೆ, ಗದ್ದೆ, ದೇವಾಲಯ, ಪೂಜಿಸುವ ಗೊರವ ಇವುಗಳ ಜೊತೆಗಿದ್ದ ಸಂಬಂಧ ಕಡಿದಿದೆ. ವೀರಗಲ್ಲನ್ನು ಸಂಗ್ರಹಾಲಯಕ್ಕೆ ಒಯ್ದಾಗ ಉಳಿಯುವುದು ಶಿಲ್ಪ ಮತ್ತು ಮಾಹಿತಿ. ಅದನ್ನು ನೆಟ್ಟ ಉದ್ದೇಶ ಊರಿನಲ್ಲೇ ಉಳಿದುಬಿಡುತ್ತದೆ.

ಬೇಟೆಯಿಂದ ಮನೆಯಂಗಳಕ್ಕೆ

ಆತಕೂರಿನ ನಂತರದ ಶತಮಾನಗಳಲ್ಲಿಯೂ ಬೇಟೆನಾಯಿಯ ಪಾಲನೆ ಅರಮನೆಗಳ ಮುಖ್ಯ ಆಸಕ್ತಿಯಾಗಿ ಮುಂದುವರಿಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳನ್ನು ವಿವರಿಸುವ ಭಾಗವಿದೆ. ಅದರಲ್ಲಿ ಸಾರಮೇಯ ವಿನೋದಕ್ಕೂ, ಅಂದರೆ ನಾಯಿಗಳ ವಿನೋದಕ್ಕೂ, ಸ್ಥಾನವಿದೆ. ಬೇರೆ ಬೇರೆ ದೇಶಗಳ ನಾಯಿಗಳು, ಅವುಗಳ ಲಕ್ಷಣ, ಅವನ್ನು ಬೇಟೆಗೆ ಬಿಡುವ ಬಗೆ ಅಲ್ಲಿ ಬರುತ್ತವೆ. ಉತ್ತರ ಕರ್ನಾಟಕದ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿಯ ತಳಿ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸಣ್ಣ ತಲೆ, ಆಳವಾದ ಎದೆ, ಸಣ್ಣ ನಡು, ಉದ್ದ ಕಾಲಿನ ಈ ನಾಯಿ ಕಣ್ಣಿಗೆ ಕಂಡ ಬೇಟೆಯನ್ನು ಓಡಿ ಹಿಡಿಯುವ ಜಾತಿಯದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿಯ ಸಂರಕ್ಷಣೆಗೆ ಕೇಂದ್ರವಿದೆ. 2016ರಲ್ಲಿ ಭಾರತೀಯ ಸೇನೆ ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಹಂದಿಯ ಎದುರು ನಾಯಿಯನ್ನು ಬಿಡುವ ಕಾಲ ಮುಗಿಯಿತು. ನಾಯಿಯ ಪಾತ್ರ ಮನೆ, ತೋಟ, ಕೊಟ್ಟಿಗೆಗಳ ಕಾವಲಿಗೆ, ಮುಂದೆ ನಗರದ ಮನೆಗಳಲ್ಲಿ ಒಡನಾಟಕ್ಕೆ ಸೀಮಿತವಾಯಿತು. ಅದರ ಸಾವಿನ ಕಾರಣವೂ ಬದಲಾಯಿತು. ಹಂದಿಯ ಕೋರೆಯ ಬದಲು ಮುಪ್ಪು, ಕಾಯಿಲೆ, ರಸ್ತೆ ಅಪಘಾತ ಬಂದವು. ಸಾಹಸದ ಸಾವಿಲ್ಲದಿದ್ದರೂ ನಾಯಿಯನ್ನು ನೆನೆಯಬೇಕೆಂಬ ಭಾವ ಕಡಿಮೆಯಾಗಲಿಲ್ಲ. ಹಳೆಯ ಕಲ್ಲು ನಾಯಿ ಮಾಡಿದ ಕೆಲಸವನ್ನು ಸ್ಮರಿಸಿತು. ಈಗಿನ ನೆನಪು ಅದರ ಜೊತೆ ಕಳೆದ ವರ್ಷಗಳದ್ದು.

ಕಾದಂಬರಿ ಮತ್ತು ತೆರೆ

ಇಪ್ಪತ್ತನೇ ಶತಮಾನದ ಕನ್ನಡ ಸಾಹಿತ್ಯದಲ್ಲಿ ನಾಯಿಗೆ ಹೆಸರು, ಸ್ವಭಾವ, ಸಾವು ಎಲ್ಲವೂ ಸಿಕ್ಕವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದು 1967ರಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ ಈ ಕಾದಂಬರಿಯಲ್ಲಿ ಗುತ್ತಿ ಎಂಬ ಜೀತದಾಳಿನ ಸಂಗಾತಿ ಹುಲಿಯ ಎಂಬ ನಾಯಿ. ಸದಾ ಜೊತೆಗೆ ನಾಯಿ ಇರುವುದರಿಂದ ಗುತ್ತಿಗೆ ನಾಯಿಗುತ್ತಿ ಎಂಬ ಹೆಸರೇ ಬಂದಿದೆ. ತಿಮ್ಮಿಯನ್ನು ಕರೆದುಕೊಂಡು ಹೊರಟ ಗುತ್ತಿ ತುಂಬಿ ಹರಿಯುವ ತುಂಗೆಯನ್ನು ದಾಟುವಾಗ ಹುಲಿಯ ಪ್ರವಾಹದ ಪಾಲಾಗುತ್ತದೆ. ಸ್ವಂತ ನೆಲವೂ ಇಲ್ಲದ ಮನುಷ್ಯನೊಬ್ಬನ ನಾಯಿ, ಕಲ್ಲು ನಿಲ್ಲಿಸುವ ಶಕ್ತಿ ಇಲ್ಲದವನ ನಾಯಿ, ಕನ್ನಡದ ಮಹಾಕಾದಂಬರಿಯಲ್ಲಿ ಉಳಿಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’ಗಳನ್ನು ಓದಿದವರಿಗೆಲ್ಲ ಅವರ ಕಿವಿ ಎಂಬ ನಾಯಿ ಪರಿಚಿತ.

2022ರ ಜೂನ್‌ನಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರದಲ್ಲಿ ಈ ಭಾವ ಅತಿ ಹೆಚ್ಚು ಜನರನ್ನು ತಲುಪಿತು. ಕಿರಣ್‌ರಾಜ್ ಕೆ. ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಚಿತ್ರವಿದು. ಕಾಯಿಲೆಯಿಂದ ಸಾಯಲಿರುವ ಲ್ಯಾಬ್ರಡಾರ್ ನಾಯಿಗೆ ಹಿಮ ತೋರಿಸಲು ಒಂಟಿ ಮನುಷ್ಯನೊಬ್ಬ ಹಿಮಾಲಯದ ಕಡೆ ಹೊರಡುತ್ತಾನೆ. ಅವನ ಹೆಸರು ಧರ್ಮ. ಮಹಾಭಾರತದ ಧರ್ಮರಾಯನ ಪಯಣದ ನೆರಳು ಅಲ್ಲಿ ಸ್ಪಷ್ಟವಾಗಿದೆ. ತನ್ನ ಮನೆಯ ನಾಯಿಯನ್ನು ಹಿಂದಿನ ವರ್ಷವಷ್ಟೇ ಕಳೆದುಕೊಂಡಿದ್ದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಎಲ್ಲರೆದುರು ಕಣ್ಣೀರಿಟ್ಟರು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಇದಕ್ಕೆ ಬಂತು.

ಇಂದಿನ ಆಚರಣೆ

ಹಳ್ಳಿಗಳಲ್ಲಿ ಸತ್ತ ನಾಯಿಯನ್ನು ಮನೆಯ ಹಿತ್ತಿಲಲ್ಲೋ ತೋಟದ ಅಂಚಿನಲ್ಲೋ ಹೂಳುವುದು ಸಾಮಾನ್ಯ. ಕೆಲವರು ತೆಂಗಿನ ಮರದ ಬುಡದಲ್ಲಿ ಹೂಳುತ್ತಾರೆ, ಇಲ್ಲವೇ ಹೂಳಿದ ಜಾಗದಲ್ಲಿ ತೆಂಗಿನ ಸಸಿಯನ್ನೋ ಮಾವಿನ ಗಿಡವನ್ನೋ ನೆಡುತ್ತಾರೆ. ಮಣ್ಣು ಹಾಕುವ ಮೊದಲು ಅರಿಸಿನ ಕುಂಕುಮ ಇಡುವವರು, ಹೂವು ಹಾಕುವವರು, ಬಿಳಿ ಬಟ್ಟೆ ಹೊದಿಸುವವರು ಇದ್ದಾರೆ. ಬರೆದಿಟ್ಟ ವಿಧಿ ಯಾವುದೂ ಇಲ್ಲದಿರುವುದರಿಂದ ಮನುಷ್ಯರಿಗೆ ಮಾಡುವುದರಲ್ಲಿ ಕೆಲವನ್ನು ಮನೆಯವರೇ ಆರಿಸಿಕೊಂಡು ಮಾಡುತ್ತಾರೆ.

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆ ಗುಡಿಯೇ ಇದೆ. ಗ್ರಾಮದೇವತೆ ಕೆಂಪಮ್ಮನ ಗುಡಿ ಕಟ್ಟುವಾಗ ಊರಿನಲ್ಲಿದ್ದ ಎರಡು ನಾಯಿಗಳು ಕಾಣೆಯಾದವೆಂದೂ, ಅವಕ್ಕೆ ನೆಲೆ ಕಲ್ಪಿಸಬೇಕೆಂದು ದೇವಿಯ ಅಪ್ಪಣೆಯಾಯಿತೆಂದೂ ಊರವರ ನಂಬಿಕೆ. 2010ರಲ್ಲಿ ಕಟ್ಟಿದ ಗುಡಿಯಲ್ಲಿ ಎರಡು ನಾಯಿಗಳ ವಿಗ್ರಹಗಳಿಗೆ ಪೂಜೆ ನಡೆಯುತ್ತದೆ. ಆತಗೂರಿನಿಂದ ಹೆಚ್ಚು ದೂರವಿಲ್ಲದ ಸೀಮೆ ಇದು. ಊರ ದೇವತೆಯ ಪಕ್ಕದಲ್ಲಿ ನಾಯಿಗೆ ಪೂಜೆಯ ಸ್ಥಾನ ಕೊಡುವ ಮನಸ್ಸು ಸಾವಿರ ವರ್ಷಗಳ ನಂತರವೂ ಅಲ್ಲಿ ಉಳಿದಿದೆ.

ನಗರಗಳ ತೊಂದರೆ ಜಾಗದ್ದು. ಅಪಾರ್ಟ್‌ಮೆಂಟ್‌ಗೆ ಹಿತ್ತಿಲಿಲ್ಲ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಅಲ್ಲಿನ ಸಮಾಧಿಗಳ ಮೇಲೆ ನಾಯಿಯ ಹೆಸರು, ಹುಟ್ಟಿದ ಮತ್ತು ಸತ್ತ ದಿನ, ಮನೆಯವರ ಒಂದೆರಡು ಮಾತು ಇರುವ ಫಲಕಗಳನ್ನು ಕಾಣಬಹುದು.

ಆತಕೂರಿನ ಕಲ್ಲಿನಲ್ಲಿ ನಾಲ್ಕು ಅಂಶಗಳಿದ್ದವು: ನಾಯಿಯ ಹೆಸರು, ಅದು ಸತ್ತ ಬಗೆ, ನೆನಪಿಗೊಂದು ಜಾಗ, ಆ ನೆನಪನ್ನು ನಡೆಸಿಕೊಂಡು ಹೋಗುವ ಹೊಣೆ. ಹೆಸರು ಇಂದಿನ ಸಮಾಧಿಯ ಫಲಕದಲ್ಲಿ ಸಿಗುತ್ತದೆ, ನೆನಪಿನ ಜಾಗ ಹಿತ್ತಿಲಿನ ತೆಂಗಿನ ಗಿಡದಲ್ಲೂ ಸಿಗುತ್ತದೆ. ನಾಲ್ಕನೆಯದನ್ನು ಈಗ ಮನೆಯವರು ಮಾತ್ರ ಹೊರುತ್ತಾರೆ, ಅವರ ತಲೆಮಾರಿನೊಂದಿಗೆ ಅದು ಮುಗಿಯುತ್ತದೆ. ಹತ್ತನೇ ಶತಮಾನದಲ್ಲಿ ಅದನ್ನು ರೈತ, ಊರೊಡೆಯ, ನಾಡೊಡೆಯ, ಗೊರವ ಎಲ್ಲರೂ ಹಂಚಿಕೊಳ್ಳಬೇಕಿತ್ತು, ಅದಕ್ಕಾಗಿ ಫಸಲು ಕೊಡುವ ಗದ್ದೆಯೂ ಮೀಸಲಾಗಿತ್ತು. ಕಾಳಿಯ ಹೆಸರು ಇಂದಿಗೂ ಓದಲು ಸಿಗುತ್ತಿರುವುದು ಒಬ್ಬನ ದುಃಖವನ್ನು ಊರಿನ ಕರ್ತವ್ಯವನ್ನಾಗಿ ಮಾಡಿ ಕಲ್ಲಿನಲ್ಲಿ ಬರೆಸಿಟ್ಟದ್ದರಿಂದ.